ಮೋನಪ್ಪ ಪತ್ತಾರ ಮೂಸಿ ನೋಡಿದ ಸಮುದ್ರ ನೊರೆ

ಬಸವಕಲ್ಯಾಣದ ಅಕ್ಕಸಾಲಿ ಮೋನಪ್ಪ ಪತ್ತಾರ ಸಮುದ್ರ ನೊರೆಯನ್ನು ಮೂಸಿ ನೋಡದೆ ಕೊಳ್ಳುತ್ತಿರಲಿಲ್ಲ. ಅತ್ತರು, ಗಿಡಮೂಲಿಕೆ ಮಾರುವ ಹುಮನಾಬಾದಿನ ಅತ್ತಾರ ಮೊಹಿನುದ್ದೀನನ ಅಂಗಡಿ ಕಟ್ಟೆಯ ಮೇಲೆ ಕುಳಿತು ಒಂದೊಂದು ತುಂಡನ್ನೂ ಮೂಗಿಗೆ ಹಿಡಿದು ಕಣ್ಣು ಮುಚ್ಚುತ್ತಿದ್ದ. ಬೆಳ್ಳಗಿನ, ಅಂಗೈಯಷ್ಟು ಉದ್ದದ, ಹೂವಿನಷ್ಟು ಹಗುರವಾದ ತುಂಡುಗಳು. ಇದೇನು ನೊರೆಯೋ ಮಲ್ಲಿಗೆ ದಂಡೆಯೋ ಎಂದು ಮೊಹಿನುದ್ದೀನ್ ಕಾಡುತ್ತಿದ್ದ. ಮೋನಪ್ಪ ನಗುತ್ತಿದ್ದ, ಆದರೆ ಮೂಸುವುದನ್ನು ಬಿಡುತ್ತಿರಲಿಲ್ಲ.

ಈ ಚಟ ಹುಟ್ಟಿನಿಂದ ಬಂದದ್ದಲ್ಲ. ಸಾವಿರದ ಒಂಬೈನೂರ ಐವತ್ತಾರರಲ್ಲಿ, ಅಪ್ಪ ತೀರಿಕೊಂಡು ಅಂಗಡಿ ಕೈಗೆ ಬಂದಾಗ, ಕುಲುಮೆಯ ಜೊತೆಗೆ ಅಪ್ಪನ ಮಾತೂ ಬಂದಿತ್ತು: ಕಡಲಿನ ನೊರೆ ದಂಡೆಗೆ ಬಿದ್ದು ಬಿಸಿಲಿಗೆ ಒಣಗಿ ಗಟ್ಟಿಯಾದರೆ ಅದೇ ಸಮುದ್ರ ನೊರೆ. ಅತ್ತಾರರು ಅದನ್ನು ಕಿವಿನೋವಿಗೆ ಕೊಡುತ್ತಿದ್ದರು, ಗಿಳಿ ಸಾಕಿದವರು ಪಂಜರಕ್ಕೆ ಕಟ್ಟುತ್ತಿದ್ದರು. ಪತ್ತಾರರಿಗೆ ಅದು ಅಚ್ಚು. ಎರಡು ಹೋಳು ಮಾಡಿ, ಮೆತ್ತನೆಯ ಒಳಮೈಗೆ ಮಾದರಿಯನ್ನು ಒತ್ತಿ, ತೆಗೆದು, ಹೋಳು ಕೂಡಿಸಿ ತಂತಿ ಬಿಗಿದು ಕರಗಿದ ಬೆಳ್ಳಿ ಸುರಿದರೆ ಆಯಿತು. ಬೆಳ್ಳಿಯ ಮೈಮೇಲೆ ಅಲೆ ಅಲೆಯಾಗಿ ಸಣ್ಣ ಗೆರೆಗಳು ಮೂಡುತ್ತಿದ್ದವು. ಅವನ್ನು ಅರದಿಂದ ಉಜ್ಜಿ ಅಳಿಸಬೇಕು.

ಮೋನಪ್ಪನ ಹೆಸರು ನಡೆದದ್ದು ಲಿಂಗದ ಕರಡಿಗೆಯಿಂದ. ಲಿಂಗವಂತರು ಇಷ್ಟಲಿಂಗ ಇಟ್ಟು ಕೊರಳಿಗೆ ಕಟ್ಟಿಕೊಳ್ಳುವ ಬೆಳ್ಳಿಯ ಕರಡಿಗೆಗೆ ಎರಡು ಕಿವಿ ಬೇಕು. ಶಿವದಾರ ಹಾಯುವುದು ಅವುಗಳಲ್ಲೇ. ಆ ಕಿವಿಗಳನ್ನು ಅವನು ನೊರೆಯಲ್ಲೇ ಎರೆಯುತ್ತಿದ್ದ. ಮೋರಖಂಡಿಯ ನಲವತ್ತು ಮನೆಯವರು ಅವನ ಕರಡಿಗೆಯನ್ನೇ ಕಟ್ಟಿಕೊಂಡಿದ್ದರು. ಅಲ್ಲಿಯ ಹಿರಿಯಳು ಸೂಗಮ್ಮ. ಬೇರೆಯವರ ಮನೆಯಲ್ಲಿ ನೀರು ಕುಡಿಯುವ ಮೊದಲೂ ಮಾಂಸ ಬೆಂದಿದೆಯೇನೋ ಎಂದು ಒಲೆಯ ಕಡೆ ನೋಡುವಷ್ಟು ಮಡಿಯವಳು.

ಅರವತ್ತಾರರ ಬೇಸಿಗೆಯಲ್ಲಿ ಸೂಗಮ್ಮ ಹೊಸದಾಗಿ ಹುಟ್ಟಿದ ಮೊಮ್ಮಗನಿಗೆ ಕರಡಿಗೆ ಮಾಡಲು ಹೇಳಿದಳು. ಮೋನಪ್ಪ ಅದರ ಕಿವಿ ಎರೆಯುತ್ತ ಕುಳಿತ ದಿನವೇ ಹೈಸ್ಕೂಲಿನ ವಿಜ್ಞಾನದ ಮಾಸ್ತರ ಮಚ್ಚೇಂದ್ರ ಹೆಂಡತಿಯ ಕಾಲುಂಗುರ ತಿದ್ದಿಸಲು ಬಂದರು. ಕೈಯಲ್ಲಿದ್ದುದೇನು ಎಂದು ಕೇಳಿದರು. ನೊರೆ ಎಂದ ಮೋನಪ್ಪ.

"ನೊರಿ ಅಲ್ರಿ ಪತ್ತಾರ, ಇದು ಎಲುಬು. ಸಮುದ್ರದಾಗಿನ ಒಂದು ಜೀವದ ಬೆನ್ನಾಗ ಇರ್ತದ."

ಮೋನಪ್ಪನ ಕೈಯಲ್ಲಿದ್ದ ಇಕ್ಕುಳ ಅಲ್ಲೇ ನಿಂತಿತು. ಮಾಸ್ತರರು ಕಾಲುಂಗುರ ಮರೆತು ಹುರುಪಿನಿಂದ ಪಾಠ ಹೇಳಿದರು: ಅದಕ್ಕೆ ಎಂಟು ಕೈ, ಮೂರು ಹೃದಯ, ನೀಲಿ ರಕ್ತ, ಹೆದರಿದರೆ ಮಸಿ ಉಗುಳಿ ಓಡುತ್ತದೆ. ಮೋನಪ್ಪನ ಕಿವಿಗೆ ಬಿದ್ದದ್ದು ಎಲುಬು ಎಂಬ ಒಂದೇ ಮಾತು. ನಲವತ್ತು ಮನೆಯವರ ಎದೆಯ ಮೇಲೆ, ಲಿಂಗದ ಮಗ್ಗುಲಿಗೆ, ತಾನು ಎಲುಬಿನಲ್ಲಿ ಎರೆದ ಬೆಳ್ಳಿ ಇಟ್ಟಿದ್ದೇನೆ.

ಹೆಂಡತಿ ಕೇಶರಬಾಯಿ ಸುಮ್ಮನಿರು ಎಂದಳು. "ಎಲ್ಲಾರ ಎದಿಯಾಗೂ ಎಲುಬು ಅದಾವ. ಯಾರರ ಕಿತ್ತಿ ಒಗದಾರೇನು?" ಮೋನಪ್ಪನಿಗೆ ನಗು ಬಂತು, ಆದರೆ ಸುಮ್ಮನಿರಲು ಬರಲಿಲ್ಲ. ಮರುದಿನವೇ ಮೋರಖಂಡಿಗೆ ಹೋಗಿ ಸೂಗಮ್ಮನ ಮುಂದೆ ಎಲ್ಲ ಹೇಳಿದ.

ಸೂಗಮ್ಮ ತನ್ನ ಕೊರಳಿನ ಕರಡಿಗೆಯ ಕಿವಿಯನ್ನು ಬೆರಳಲ್ಲಿ ಹಿಡಿದು ನೋಡಿದಳು. ಆಮೇಲೆ ಕೇಳಿದಳು, "ಇದರ ಸಲುವಾಗಿ ಅದನ್ನ ಕೊಲ್ತಾರೇನು?"

"ಗೊತ್ತಿಲ್ಲವ್ವಾ."

ಅವಳು ಒಳಗೆ ಹೋಗಿ, ತನ್ನ ಲಿಂಗವನ್ನು ಬಿಳಿ ಅರಿವೆಯಲ್ಲಿ ಕಟ್ಟಿಕೊಂಡು, ಬರಿದಾದ ಬೆಳ್ಳಿಯ ಕರಡಿಗೆಯನ್ನು ತಂದು ಅವನ ಕೈಗಿಟ್ಟಳು. "ಗೊತ್ತು ಮಾಡ್ಕೊಂಡು ಬಾ. ಅಲ್ಲೀತನ ನಂದೂ ಅರಿವ್ಯಾಗ ಇರ್ತದ, ಕೂಸಿಂದೂ ಅರಿವ್ಯಾಗ ಇರ್ತದ."

ಸೂಗಮ್ಮ ಬಿಚ್ಚಿದ್ದನ್ನು ನಲವತ್ತು ಮನೆಯವರೂ ಬಿಚ್ಚುತ್ತಾರೆ ಎಂಬುದು ಮೋನಪ್ಪನಿಗೆ ಗೊತ್ತಿತ್ತು. ಮೊಹಿನುದ್ದೀನನನ್ನು ಕೇಳಿದರೆ ಅವನಿಗೂ ಉತ್ತರ ತಿಳಿಯದು. ಅವನ ಸರಕು ರತ್ನಾಗಿರಿಯಿಂದ ಬರುತ್ತಿತ್ತು. ಆ ಊರಲ್ಲಿ ಮೀನು ಸಾಕಿ ಪರೀಕ್ಷೆ ಮಾಡುವ ಗೆಳೆಯನೊಬ್ಬ ಮಚ್ಚೇಂದ್ರ ಮಾಸ್ತರರಿಗಿದ್ದ. ಅವನಿಗೊಂದು ಚೀಟಿ ಬರೆಸಿಕೊಂಡು, ಬುತ್ತಿ ಕಟ್ಟಿಕೊಂಡು, ಸೊಲ್ಲಾಪುರದ ಮೇಲೆ ಹಾಯ್ದು ಮೋನಪ್ಪ, ಮೊಹಿನುದ್ದೀನ್ ಇಬ್ಬರೂ ಹೊರಟರು. ಜೋಳದ ರೊಟ್ಟಿ ಮುಗಿಯುವುದರೊಳಗೆ ಕಡಲು ಬಂತು. ಇಬ್ಬರಲ್ಲಿ ಒಬ್ಬರೂ ಅದನ್ನು ಹಿಂದೆ ಕಂಡವರಲ್ಲ.

ಗೆಳೆಯನ ಗಾಜಿನ ತೊಟ್ಟಿಯಲ್ಲಿ ಮೋನಪ್ಪ ಆ ಜೀವವನ್ನು ಕಂಡ. ದಂಡೆಯವರು ಅದಕ್ಕೆ ಮಾಕುಳ ಎನ್ನುತ್ತಿದ್ದರು. ಅಂಚಿಗೆಲ್ಲ ಸೆರಗಿನಂಥ ರೆಕ್ಕೆ ಅಲುಗಿಸುತ್ತ ನೀರಿನ ನಡುವೆ ತೂಗುತ್ತಿತ್ತು. ಮರಳಿನ ಮೇಲೆ ಬಂದರೆ ಮರಳಿನ ಬಣ್ಣ, ಕಲ್ಲಿನ ಬಳಿ ಹೋದರೆ ಕಲ್ಲಿನ ಬಣ್ಣ. ಸಿಗಡಿ ಬಿಟ್ಟರೆ ಬಾಯಿಯ ಬಳಿಯಿಂದ ಇನ್ನೂ ಎರಡು ಉದ್ದನೆಯ ಕೈ ಹಲ್ಲಿಯ ನಾಲಿಗೆಯಂತೆ ಚಿಮ್ಮಿ ಎಳೆದುಕೊಂಡವು. ಬೆನ್ನೊಳಗಿನ ಎಲುಬಿನಲ್ಲಿ ಸಾವಿರ ಸಣ್ಣ ಕೋಣೆಗಳಿವೆ, ಅವುಗಳಲ್ಲಿ ನೀರು ಗಾಳಿ ಹೆಚ್ಚು ಕಡಿಮೆ ಮಾಡಿ ಅದು ತೇಲುತ್ತದೆ ಎಂದು ಗೆಳೆಯ ತಿಳಿಸಿದ. ಬೆಳ್ಳಿಯ ಮೇಲೆ ಮೂಡುವ ಗೆರೆಗಳು ಆ ಕೋಣೆಗಳ ಗೋಡೆಗಳೆಂದು ಮೋನಪ್ಪನಿಗೆ ಹೊಳೆಯಿತು. ಇಷ್ಟು ವರ್ಷ ಅವನ್ನು ಅರ ಹಾಕಿ ಅಳಿಸಿದ್ದಕ್ಕೆ ಕೈ ಚುರ್ ಎಂದಿತು.

ಪಕ್ಕದ ತೊಟ್ಟಿಯಲ್ಲಿ ತತ್ತಿಗಳಿದ್ದವು, ಬಿಳಿ ದ್ರಾಕ್ಷಿಯ ಗೊನೆಯಂತೆ. ಒಳಗೆ ಕಡಲೆಕಾಳಿನಷ್ಟು ಮರಿಗಳು ಮಿಸುಕುತ್ತಿದ್ದವು. ಹೊರಬಂದ ಮರಿಗೆ ಜೀವಂತ ಸಿಗಡಿಯೇ ಬೇಕು, ಸತ್ತದ್ದನ್ನು ಮುಟ್ಟದು; ಸಾಕುವುದು ಕೂಸು ಸಾಕಿದ ಹಾಗೆಯೇ ಎಂದು ಗೆಳೆಯ ನಕ್ಕ. ಇವುಗಳ ತಾಯಿ ಎಲ್ಲಿ ಎಂದು ಮೋನಪ್ಪ ಕೇಳಿದ. ತತ್ತಿ ಇಟ್ಟ ಮೇಲೆ ತಾಯಿ ಹೆಚ್ಚು ದಿನ ಬದುಕುವುದಿಲ್ಲ ಎಂಬ ಉತ್ತರ ಬಂತು. ಮೈ ಕರಗಿ ಹೋಗುತ್ತದೆ, ಎಲುಬು ತೇಲಿ ದಂಡೆಗೆ ಬರುತ್ತದೆ.

ದಂಡೆಯಲ್ಲಿ ಹೆಣ್ಣುಮಕ್ಕಳು ಅಂಥವನ್ನು ಬುಟ್ಟಿಯಲ್ಲಿ ಆರಿಸುತ್ತಿದ್ದರು. ಆದರೆ ಬಲೆಗೆ ಬಿದ್ದು ಸತ್ತವುಗಳ ಎಲುಬೂ ಅದೇ ಬುಟ್ಟಿಗೆ ಬೀಳುತ್ತಿತ್ತು. ಬೇರೆ ಮಾಡುವುದು ಹ್ಯಾಗೆ? ಮೋನಪ್ಪ ಒಂದನ್ನು ಮೂಸಿದ, ಇನ್ನೊಂದನ್ನು ಮೂಸಿದ. ಬಲೆಯದಕ್ಕೆ ಮಾಂಸದ ನಾತ. ತೇಲಿ ಬಂದದ್ದಕ್ಕೆ ಸವೆದ ಅಂಚು, ಹಕ್ಕಿ ಕುಕ್ಕಿದ ಗುರುತು, ಬರೀ ಉಪ್ಪಿನ ವಾಸನೆ. ಮೊಹಿನುದ್ದೀನನಿಗೂ ಮೂಸಲು ಕೊಟ್ಟ. "ಪತ್ತಾರಸಾಬ್, ನನ್ನ ಹಳೇ ಗಿರಾಕಿ ಇನ್ನ ನಾಯಿ ಆದ," ಎಂದ ಅವನು. ಆದರೂ ಇನ್ನು ಮೇಲೆ ತೇಲಿ ಬಂದದ್ದನ್ನೇ ಬೇರೆ ಕಟ್ಟಿ ಕಳಿಸಿ ಎಂದು ವ್ಯಾಪಾರಿಗೆ ತಾನೇ ಹೇಳಿದ.

ಮೋರಖಂಡಿಯಲ್ಲಿ ಮೋನಪ್ಪ ಸೂಗಮ್ಮನಿಗೆ ಕಂಡದ್ದನ್ನು ಕಂಡಂತೆ ಹೇಳಿದ, ಬಲೆಯ ಮಾತನ್ನೂ ಮುಚ್ಚಲಿಲ್ಲ. "ಹಳೇ ಕಿವಿ ಯಾವುದರಾಗ ಎರದೀನೋ ನನಗ ತಿಳೀದವ್ವಾ. ಬ್ಯಾಡ ಅಂದವರದು ಕರಗಿಸಿ ಹೊಸದು ಮಾಡಿಕೊಡ್ತೀನಿ." ಹಾಗೆಂದು ದಂಡೆಯಿಂದ ತಂದ ತುಂಡೊಂದನ್ನು ಅವಳ ಮುಂದಿಟ್ಟ.

ಸೂಗಮ್ಮ ಅದನ್ನು ಮುಟ್ಟುತ್ತಾಳೋ ಇಲ್ಲವೋ ಎಂದು ಅವನು ನೋಡುತ್ತ ಕುಳಿತ. ಅವಳು ಎತ್ತಿಕೊಂಡಳು, ತಿರುಗಿಸಿ ನೋಡಿದಳು, ನಿಧಾನವಾಗಿ ಮೂಗಿಗೆ ಹಿಡಿದಳು. "ಬರೇ ಉಪ್ಪು ನಾರ್ತದ," ಎಂದಳು. ಆಮೇಲೆ ತೊಟ್ಟಿಲ ಕಡೆ ನೋಡಿ, "ತತ್ತಿ ಇಟ್ಟು ಹೋದಾಕಿ ಬಿಟ್ಟು ಹೋದದ್ದು. ಇದರಾಗೇ ಎರಿ. ಗೆರಿ ಅಳಿಸಬ್ಯಾಡ."

ಆ ಮಳೆಗಾಲವೆಲ್ಲ ಮೋನಪ್ಪ ನಲವತ್ತು ಮನೆಯ ಕಿವಿಗಳನ್ನು ಕರಗಿಸಿ ಎರೆದ. ಎಂಬತ್ತರ ದಶಕದಲ್ಲಿ ಕಣ್ಣು ಮಂಜಾಗಿ ಅರ ಹಿಡಿಯುವುದನ್ನು ಬಿಟ್ಟ, ಮೂಗು ಮಾತ್ರ ಚುರುಕಾಗಿತ್ತು. ಸೂಗಮ್ಮನ ಮೊಮ್ಮಗ ಆಗಾಗ ಬಂದು ಕರಡಿಗೆ ಬೆಳಗಿಸಿಕೊಂಡು ಹೋಗುತ್ತಿದ್ದ. ಅದರ ಕಿವಿಯ ಮೇಲಿನ ಅಲೆಯ ಗೆರೆಗಳನ್ನು ಮುದುಕ ಹೆಬ್ಬೆರಳಿನಿಂದ ಸವರಿ ಎಣಿಸಲು ಹೋಗಿ, ಪ್ರತಿ ಸಲವೂ ಲೆಕ್ಕ ತಪ್ಪಿ, ನಗುತ್ತ ತಿರುಗಿ ಕೊಡುತ್ತಿದ್ದ.