ಆಯುಧಪೂಜೆಯ ದಿನವೇ ಅಪ್‌ಡೇಟ್

ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವನು ನಾನೇ ಮೊದಲು. ಹೊಳೆನರಸೀಪುರದಲ್ಲಿ ಮೇಷ್ಟ್ರ ಕೆಲಸ ಸಿಕ್ಕಿದ ವರ್ಷ ಹಾಸನದಿಂದ ಕಂಪ್ಯೂಟರ್ ತಂದೆ. ಮಾನಿಟರನ್ನು ಬಸ್ಸಿನಲ್ಲಿ ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡೇ ಕುಳಿತಿದ್ದೆ. ಅದಾಗಿ ಹದಿನಾಲ್ಕು ವರ್ಷ. ಈಗ ಸ್ವಿಚ್ ಹಾಕಿದರೆ ಒಳಗಿನ ಫ್ಯಾನು ಹಿಟ್ಟಿನ ಗಿರಣಿಯಂತೆ ಸದ್ದು ಮಾಡುತ್ತದೆ. ತೆರೆ ಪೂರ್ತಿ ಬೆಳಗುವಷ್ಟರಲ್ಲಿ ಸ್ನಾನ ಮುಗಿಸಿ ಬರಬಹುದು. ಮಾರಿಬಿಡು ಎಂದವರ ಮಾತಿಗೆ ನಾನು ಕಿವಿಗೊಟ್ಟಿಲ್ಲ. ಓದುವ ಕಾಲದಲ್ಲಿ ಒಂದೊಂದು ಅರ್ಜಿಗೂ ಬ್ರೌಸಿಂಗ್ ಸೆಂಟರಿನ ಬಾಗಿಲಲ್ಲಿ ಗಂಟೆಗಟ್ಟಲೆ ನಿಂತು, ಬೈಸಿಕೊಂಡು ಬಂದವನು ನಾನು. ನಮ್ಮ ಮನೆಯವರು ಮತ್ತೆ ಅಲ್ಲಿ ನಿಲ್ಲಬಾರದು ಎಂಬುದು ನನ್ನ ಹಟ.

ಈ ಹಟವೇ ಒಂದು ಸಲ ನನ್ನ ತಂಗಿಗೆ ಕುತ್ತಾಗುವುದರಲ್ಲಿತ್ತು.

ನಾನು ಓದಲೆಂದು ಅವಳು ಹತ್ತನೇ ಕ್ಲಾಸಿಗೇ ನಿಂತವಳು. ದಂಡಿಗನಹಳ್ಳಿ ಕಡೆ ಮದುವೆಯಾಗಿ, ಎರಡು ಮಕ್ಕಳಾದ ಮೇಲೆ ಹಟ ಹಿಡಿದು ಪಿಯುಸಿ ಕಟ್ಟಿ ಪಾಸಾದಳು. ಅವಳ ಊರಿನಲ್ಲೇ ಅಂಗನವಾಡಿ ಕಾರ್ಯಕರ್ತೆಯ ಹುದ್ದೆ ಖಾಲಿಯಿತ್ತು. ವಯಸ್ಸಿನ ಮಿತಿಯೊಳಗೆ ಅವಳಿಗಿದ್ದದ್ದು ಅದೊಂದೇ ಅವಕಾಶ. ಸರ್ಟಿಫಿಕೇಟು ಕೈಗೆ ಬಂದದ್ದು ತಡವಾಗಿ, ಅರ್ಜಿ ಹಾಕಲು ಉಳಿದದ್ದು ಕೊನೆಯ ದಿನ ಮಾತ್ರ. ಅಂದು ಆಯುಧಪೂಜೆ. ಸಂಜೆ ಐದೂವರೆಗೆ ಗಡುವು ಮುಗಿಯುತ್ತಿತ್ತು. ಮೊಬೈಲಿನಲ್ಲಿ ಆನ್‌ಲೈನ್ ಅರ್ಜಿಯ ಪುಟ ಸರಿಯಾಗಿ ತೆರೆಯುತ್ತಿರಲಿಲ್ಲ. ಚನ್ನರಾಯಪಟ್ಟಣದಲ್ಲೇ ಹಾಕಿಸಿಕೊಳ್ಳುತ್ತೇನೆ ಎಂದವಳನ್ನು, ಮನೆಯಲ್ಲಿ ಕಂಪ್ಯೂಟರ್ ಇರುವುದು ಯಾತಕ್ಕೆ ಎಂದು ಗದರಿ ಕರೆಸಿಕೊಂಡವನು ನಾನೇ.

ಬೆಳಗಿನ ಬಸ್ಸಿಗೆ ಬಂದಳು. ಮೂರು ಪುಟ ತುಂಬಿದೆವು. ಫೋಟೋ ಹಾಕಿದೆವು. ಇನ್ನು ಸಹಿಯೊಂದು ಬಾಕಿ ಎನ್ನುವಾಗ ತೆರೆ ನೀಲಿಯಾಯಿತು. ಅಪ್‌ಡೇಟ್ ನಡೆಯುತ್ತಿದೆ, ಆಫ್ ಮಾಡಬೇಡಿ ಎಂದು ಬಂತು. ತಿಂಗಳುಗಟ್ಟಲೆ ಅದು ಕೇಳಿದಾಗಲೆಲ್ಲ ‘ಆಮೇಲೆ’ ಎಂದು ಒತ್ತುತ್ತಾ ಬಂದಿದ್ದೆ. ಅವತ್ತು ಅದು ನನ್ನನ್ನು ಕೇಳಲೇ ಇಲ್ಲ.

ಒಂದು ಗಂಟೆ ಕಳೆದರೂ ಶೇಕಡಾ ಏಳು. ಅಷ್ಟರಲ್ಲಿ ಅವ್ವ ಕುಡುಗೋಲು, ಮಿಕ್ಸಿ, ಸ್ಕೂಟರ್ ಎಲ್ಲಕ್ಕೂ ಕುಂಕುಮ ಇಟ್ಟು, ಕೊನೆಗೆ ತಟ್ಟೆ ಹಿಡಿದು ಕಂಪ್ಯೂಟರಿನ ಮುಂದೆ ಬಂದಳು.

“ಅಬ್ಬದ್ ದಿನ ಆಯುಧ ದುಡಿಸಬಾರ್ದು ಕಣ್ಲಾ. ಅದುಕ್ಕೇ ಮುನಿಸ್ಕಂಡದೆ,” ಎಂದು ಅದರ ನೆತ್ತಿಗೊಂದು ಚೆಂಡುಹೂವು ಇಟ್ಟು ಹೋದಳು.

ತಂಗಿ ಒಲೆಯ ಮೇಲಿನ ಹಾಲು ಕಾಯುವವಳಂತೆ ಅಂಕಿಯನ್ನೇ ನೋಡುತ್ತಾ ಕುಳಿತಳು. ಊಟವೂ ಮುಗಿಯಿತು. ಮೂರು ಗಂಟೆಗೆ ಮೂವತ್ತೊಂದು. ಇನ್ನೇನು ಆಗಿಬಿಡುತ್ತದೆ ಎಂದೆ. ಅದನ್ನೇ ನಾಲ್ಕನೇ ಸಲ ಹೇಳಿದಾಗ ಅವಳು ಎದ್ದಳು.

“ಅಣ್ಣ, ನಿನ್ ಕಂಪ್ಯೂಟರ್ ಮರ್ವಾದೆ ಆಮೇಲ್ ನೋಡ್ಕಳಾನ. ಮೊದ್ಲು ನನ್ ಅರ್ಜಿ ಆಕ್ಸು.”

ಚಕ್ರದಡಿ ಇಟ್ಟಿದ್ದ ಪೂಜೆಯ ನಿಂಬೆಹಣ್ಣನ್ನು ಜಜ್ಜಿಕೊಂಡು ಸ್ಕೂಟರಿನಲ್ಲಿ ಪೇಟೆಗೆ ಹೊರಟೆವು. ಎರಡು ಅಂಗಡಿ ಮುಚ್ಚಿದ್ದವು. ಬಸ್ ಸ್ಟ್ಯಾಂಡಿನ ಹತ್ತಿರದ ಮೂರನೆಯದು ತೆರೆದಿತ್ತು. ಆದರೆ ಒಳಗೆ ಆರು ಕಂಪ್ಯೂಟರುಗಳೂ ಹಾರ ಹಾಕಿಕೊಂಡು ಮದುವಣಗಿತ್ತಿಯರಂತೆ ಸಾಲಾಗಿ ಕುಳಿತಿದ್ದವು. ಅಂಗಡಿಯವನು ಪೂಜೆಯ ಕಡ್ಲೆಪುರಿ ಹಂಚುತ್ತಿದ್ದ.

“ಪೂಜೆ ಆಗೋಗದೆ ಸಾ. ನಾಳೆ ಬೆಳಗ್ಗೆಗಂಟ ಮುಟ್ಟಂಗಿಲ್ಲ,” ಎಂದ.

ನಾನು ಮೇಷ್ಟ್ರ ಗತ್ತಿನಲ್ಲಿ, ಕೆಲಸವೇ ಪೂಜೆ ಎಂದು ಕಾಲು ಗಂಟೆ ಪಾಠ ಮಾಡಿದೆ. ವಿನಯದಿಂದ ಕೇಳಿಸಿಕೊಂಡು ನನಗೂ ಒಂದು ಹಿಡಿ ಪುರಿ ಕೊಟ್ಟ. ತಂಗಿ ಮಾತ್ರ ಅಂಗಡಿಯನ್ನೆಲ್ಲ ನೋಡುತ್ತಿದ್ದಳು. ಮೂಲೆಯ ಮೇಜಿನ ಮೇಲೆ ಗೋಣಿತಾಟು ಹೊದಿಸಿದ್ದ ಒಂದನ್ನು ತೋರಿಸಿ, ಅದಕ್ಕೆ ಯಾಕೆ ಕುಂಕುಮ ಇಟ್ಟಿಲ್ಲ ಎಂದು ಕೇಳಿದಳು.

ಅವನು ನಕ್ಕ. “ಅದು ಗುಜರಿಗಾಕಕ್ಕೆ ಮಡಗಿರದು ಕಣಕ್ಕ. ಅದ್ನೂ ಆಯುಧ ಅನ್ನಕ್ಕಾಯ್ತದಾ?”

“ಆಯುಧ ಅಲ್ದಿದ್ಮೇಲೆ ಮುಟ್ಬೋದಲ್ಲ,” ಎಂದಳು.

ಡಿಗ್ರಿ ಓದಿದ ನನಗೆ ಹೊಳೆಯದ ಮಾತು. ಅವನು ಸ್ವಲ್ಪ ಹೊತ್ತು ಕಿವಿ ಕೆರೆದುಕೊಂಡು, ಗೋಣಿತಾಟು ತೆಗೆದು, ಒರೆಸಿ ಸ್ವಿಚ್ ಹಾಕಿದ. ಅದು ನನ್ನದಕ್ಕಿಂತಲೂ ಮುದಿ. ಎರಡೇ ನಿಮಿಷಕ್ಕೆ ತೆರೆದುಕೊಂಡಿತು. ಇದಕ್ಕೆ ಅಪ್‌ಡೇಟ್ ಬರುವುದಿಲ್ಲವೇ ಎಂದೆ. ಅದನ್ನು ಕೇಳುವವರು ಯಾರೂ ಇಲ್ಲ, ಅದಕ್ಕೇ ನೆಮ್ಮದಿಯಾಗಿದೆ ಎಂದ. ಅರ್ಜಿಯ ಪುಟವೂ ಅದರ ಕಾಲದ್ದೇ ಇರಬೇಕು. ಇಬ್ಬರಿಗೂ ಚೆನ್ನಾಗಿ ಹೊಂದಿತು.

ಬೇಗ ಆಗಲೆಂದು ನಾನು ಕೀಬೋರ್ಡಿಗೆ ಕೈ ಹಾಕಿದೆ. ತಂಗಿ ನನ್ನ ಕೈ ಸರಿಸಿದಳು.

“ನಂದ್ ನಾನೇ ಒತ್ತೀನಿ.”

ಒಂದೇ ಬೆರಳಿನಲ್ಲಿ ಹೆಸರು, ಗಂಡನ ಹೆಸರು, ಊರು ಒತ್ತಿದಳು. ವಿದ್ಯಾರ್ಹತೆಯ ಕಡೆ ಪಿಯುಸಿ ಎಂದು ಒತ್ತಿ, ಸರಿಯಿದೆಯೇ ಎಂದು ಎರಡು ಸಲ ಓದಿದಳು. ನಾನು ಗಡಿಯಾರ ನೋಡುವುದನ್ನು ಬಿಟ್ಟೆ. ಫೋಟೋ, ಸಹಿಯನ್ನು ಅಂಗಡಿಯವನು ಅವಳ ಮೊಬೈಲಿನಿಂದ ಹಾಕಿಕೊಟ್ಟ. ಐದು ಗಂಟೆ ಇಪ್ಪತ್ತು ನಿಮಿಷಕ್ಕೆ ಅರ್ಜಿ ಸ್ವೀಕೃತವಾಗಿದೆ ಎಂದು ಬಂತು, ಕೆಳಗೆ ಉದ್ದನೆಯ ಸಂಖ್ಯೆ.

ಪ್ರಿಂಟ್ ತೆಗೆಯಿರಿ ಎಂದೆ. ಅಂಗಡಿಯವನು ಪ್ರಿಂಟರಿನ ಕಡೆ ಕೈ ತೋರಿಸಿದ. ಅದರ ಮೇಲೆ ಹಾರವಿತ್ತು, ಕುಂಕುಮವಿತ್ತು, ಒಂದು ಬಾಳೆಹಣ್ಣೂ ಇತ್ತು. ನಾಳೆ ಮೊದಲ ಪ್ರಿಂಟು ಅಕ್ಕನದೇ ಎಂದು ಮಾತು ಕೊಟ್ಟ. ತಂಗಿ ಪೆನ್ನು ಇಸಿದುಕೊಂಡು ಆ ಸಂಖ್ಯೆಯನ್ನು ಎಡ ಅಂಗೈ ಮೇಲೆ ಬರೆದುಕೊಂಡಳು. ಹೊರಡುವಾಗ ಅವನು ಅವಳಿಗೂ ಪುರಿ ಕೊಡಲು ಬಂದ. ಎರಡೂ ಕೈ ಚಾಚಿದರೆ ಅಂಕಿ ಅಳಿಸೀತೆಂದು ಅವಳು ಸೆರಗು ಒಡ್ಡಿದಳು.