ಜೇಬಿನಲ್ಲಿ ಸಿಕ್ಕಿದ್ದು

ನಮ್ಮ ಬೀದಿಯ ಇಸ್ತ್ರಿ ಅಕ್ಕ ತೆಗೆದ ಗೆರೆ ಎಂದರೆ ಗೆರೆ. ಅವಳು ಮಡಿಸಿದ ಪ್ಯಾಂಟಿನ ಮೇಲೆ ಕೂತ ನೊಣ ಎರಡು ಹೋಳಾಗಿ ಹಾರಿಹೋದದ್ದನ್ನು ನಾನೇ ಕಂಡಿದ್ದೇನೆ. ನಂಬದವರು ಯಾವುದಾದರೊಂದು ಹೋಳನ್ನು ಕೇಳಬಹುದು.

ಅವಳದೊಂದು ನೇಮ. ಇಸ್ತ್ರಿಗೆ ಮುಂಚೆ ಜೇಬು ತಡಕಿ, ಸಿಕ್ಕಿದ್ದನ್ನು ಪೊಟ್ಟಣ ಕಟ್ಟಿ, ಅದೇ ಬಟ್ಟೆಗೆ ಪಿನ್ನು ಚುಚ್ಚಿ ಕೊಡುವುದು. ಏನು, ಯಾಕೆ ಎಂದು ಕೇಳುವ ಮಾತಿಲ್ಲ. ಪ್ರೇಮಪತ್ರ, ಬೀಗದ ಕೈ, ಒಮ್ಮೆ ನನ್ನ ಹಲ್ಲಿನ ಸೆಟ್ಟು ಕೂಡ ಹಾಗೇ ಮನೆ ಸೇರಿವೆ.

ಎರಡು ವರ್ಷದಿಂದ ಜೇಬುಗಳಲ್ಲಿ ನೋವಿನ ಮಾತ್ರೆಯ ಹಾಳೆಗಳು ಬರತೊಡಗಿದವು. ಮೊದಲು ವಾರಕ್ಕೊಂದು, ಆಮೇಲೆ ಹತ್ತು ಪ್ಯಾಂಟಿಗೆ ಮೂರು. ಬಣ್ಣ ಬಳಿಯುವವನದು, ಲೆಕ್ಕದ ಮೇಷ್ಟರದು, ಕಾಲೇಜು ಹುಡುಗಿಯದು. ಊರಿಗೆಲ್ಲ ಒಟ್ಟಿಗೇ ನೋವು ಬಂತಲ್ಲ ಎಂದು ಮರುಗಿದ ಅಕ್ಕ, ಎಲ್ಲವನ್ನೂ ಪಿನ್ನು ಚುಚ್ಚಿ ಕಳಿಸಿದಳು. ಬಸ್ಸು ಓಡಿಸುವ ಸ್ವಂತ ತಮ್ಮನ ಖಾಕಿಗೂ.

ಒಂದು ಬೆಳಿಗ್ಗೆ ಆ ತಮ್ಮ ತನ್ನ ಸಮವಸ್ತ್ರಕ್ಕೆಂದು ಬಂದ. ಅಕ್ಕ ಅಂಗಿಯನ್ನು ಬೆಳಕಿಗೆ ಹಿಡಿದಳು.

“ಎದೆ ಮೇಲೆ ಐದು ತೂತು. ಏನೋ ಇದು?”

“ಸಿಗರೇಟಿನ ಕಿಡಿ ಅಕ್ಕಾ.”

“ಎಚ್ಚರ ಇರೋನು ಒಂದು ಕಿಡಿಗೇ ಕೊಡವಿಕೊಳ್ತಾನೆ. ನೀನು ಸೇದ್ತಾನೇ ತೂಕಡಿಸಿದೀಯ. ಜೇಬಲ್ಲಿ ನಾಲ್ಕು ಖಾಲಿ ಮಾತ್ರೆಹಾಳೆ ಬೇರೆ.”

“ಬೆನ್ನುನೋವಿಗೆ ಅಂತ ಶುರು ಮಾಡಿದ್ದು... ಕೊಡಕ್ಕಾ, ಡ್ಯೂಟಿಗೆ ಹೊತ್ತಾಯ್ತು.”

“ಎದೆ ಮೇಲೆ ಬೆಂಕಿ ಬಿದ್ರೂ ಏಳದ ಮಹಾರಾಯ, ಅರವತ್ತು ಜನರನ್ನ ಕೂರಿಸ್ಕೊಂಡು ಹೋಗ್ತೀಯೇನೋ?”

ಸಮವಸ್ತ್ರವಿಲ್ಲದವನಿಗೆ ಡಿಪೋದಲ್ಲಿ ಬಸ್ಸು ಕೊಡುವುದಿಲ್ಲ. ಇಪ್ಪತ್ತು ವರ್ಷದಲ್ಲಿ ಯಾರ ಕರವಸ್ತ್ರವನ್ನೂ ಉಳಿಸಿಕೊಳ್ಳದವಳು, ಅವನ ಎರಡೂ ಜೊತೆ ಖಾಕಿಯನ್ನು ನೀರಿನ ಬಕೆಟ್ಟಿಗೆ ಅದ್ದಿಬಿಟ್ಟಳು. ಅವನು ಕೂಗಾಡಿದ. ಆಮೇಲೆ ಮೆಟ್ಟಿಲ ಮೇಲೆ ಕುಸಿದು, “ಬಿಟ್ಟರೆ ಸಾಯ್ತೀನಿ ಅನ್ಸುತ್ತೆ ಅಕ್ಕಾ” ಎಂದು ಅತ್ತ.

ಅಕ್ಕ ಇಸ್ತ್ರಿಪೆಟ್ಟಿಗೆ ಆರಿಸಿ, ಅವನನ್ನು ಆಸ್ಪತ್ರೆಗೆ ನಡೆಸಿಕೊಂಡು ಹೋದಳು. ಒಮ್ಮೆಗೇ ನಿಲ್ಲಿಸಬಾರದು, ಅಳತೆಯನ್ನು ನಿಧಾನವಾಗಿ ಇಳಿಸಬೇಕು, ಮಾತ್ರೆ ಅವನ ವಶದಲ್ಲಿರಬಾರದು, ಅಲ್ಲಿಯವರೆಗೆ ಬಸ್ಸು ಮುಟ್ಟಬಾರದು ಎಂದರು ಡಾಕ್ಟರು. ಅಂದಿನಿಂದ ದಿನಾ ಬೆಳಿಗ್ಗೆ, ಅವತ್ತಿನ ಪಾಲು ಪೊಟ್ಟಣವಾಗಿ ಅವನ ಅಂಗಿಗೆ ಪಿನ್ನಾಗುತ್ತಿತ್ತು. ಎಂಟು ತಿಂಗಳು! ಎರಡು ಸಲ ಜಾರಿದ. ಎರಡು ಸಲವೂ ಆಸ್ಪತ್ರೆಯ ಬೆಂಚಿನ ಮೇಲೆ ಅಕ್ಕ ಅವನ ಪಕ್ಕದಲ್ಲಿದ್ದಳು.

ಬೇರೆಯವರ ಹಾಳೆಗಳನ್ನೂ ಈಗ ಕೈಗೇ ಕೊಟ್ಟು, “ಎಷ್ಟು ದಿನದಿಂದ?” ಎನ್ನುತ್ತಾಳೆ. ಆ ಪ್ರಶ್ನೆಗೆ ಹೆದರಿ ಅರ್ಧ ಬೀದಿ ಸುಕ್ಕುಬಟ್ಟೆಯಲ್ಲೇ ಓಡಾಡುತ್ತಿದೆ. ಮೂವರು ಮಾತ್ರ ಆ ಬೆಂಚಿಗೆ ಬಂದರು. ಗುಲಗಂಜಿಯನ್ನು ಗುಡ್ಡ ಮಾಡುವ ನನಗೂ ಇವಳ ವಿಷಯದಲ್ಲಿ ಸೇರಿಸಲು ಏನೂ ತೋಚುತ್ತಿಲ್ಲ.

ಮಾತ್ರೆ ಪೂರ್ತಿ ನಿಂತು, ಡಾಕ್ಟರು ಒಪ್ಪಿಗೆ ಕೊಟ್ಟು, ಕಳೆದ ವಾರ ಅವನು ಕೆಲಸಕ್ಕೆ ಮರಳಿದ. ತೊಟ್ಟು ಇಸ್ತ್ರಿಗೆ ಕೊಟ್ಟ ಖಾಕಿಗೂ ಪೊಟ್ಟಣವಿತ್ತು. ಬಿಚ್ಚಿದ; ಒಳಗೇನೂ ಇಲ್ಲ.

“ಇದೇನಕ್ಕಾ, ಖಾಲಿ?”

“ಜೇಬಲ್ಲಿ ಸಿಕ್ಕಿದ್ದನ್ನೇ ಕಟ್ಟಿದೀನಿ” ಎಂದಳು, ಪೆಟ್ಟಿಗೆಯಿಂದ ಕಣ್ಣೆತ್ತದೆ.