ಬಾಯಿ ನೋಡಿ ಕೇಳುತ್ತಿದ್ದ ಅಕ್ಕ

ಅಕ್ಕನ ಕಣ್ಣು ಯಾವಾಗಲೂ ಎದುರಿನವರ ತುಟಿಯ ಮೇಲೆಯೇ ಇರುತ್ತಿತ್ತು. ಕತ್ತನ್ನು ಒಂದಿಷ್ಟು ಎಡಕ್ಕೆ ವಾಲಿಸಿ, ಹುಬ್ಬುಗಳ ನಡುವೆ ಸಣ್ಣ ಗಂಟು ಹಾಕಿಕೊಂಡು, ರೆಪ್ಪೆ ಹೊಡೆಯದೆ ನೋಡುತ್ತಿದ್ದರು. ಮೊದಮೊದಲು ನನ್ನ ಹಲ್ಲಿಗೆ ಸೊಪ್ಪೇನಾದರೂ ಸಿಕ್ಕಿಕೊಂಡಿದೆಯೋ ಎಂದು ಅನುಮಾನ ಬಂದು, ಅವರ ಮುಂದೆ ಮಾತಾಡುವಾಗಲೆಲ್ಲ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದೆ. ಅವರು ಮೆಲ್ಲಗೆ ಆ ಕೈ ತೆಗೆದು ನನ್ನ ತೊಡೆಯ ಮೇಲೆ ಇಡುತ್ತಿದ್ದರು.

ಎಪ್ಪತ್ತರ ದಶಕದ ಕೊನೆಯ ಮಾತು. ತುಮಕೂರಿನಲ್ಲಿ ಬಿ.ಎಡ್. ಓದುತ್ತಿದ್ದ ನಾವಿಬ್ಬರೂ ಉಪ್ಪಾರಹಳ್ಳಿಯ ಒಂದೇ ರೂಮಿನಲ್ಲಿದ್ದೆವು. ನಾನು ಕುಣಿಗಲ್ಲಿನವಳು, ಡಿಗ್ರಿ ಮುಗಿಸಿ ನೇರವಾಗಿ ಬಂದಿದ್ದೆ. ಅವರು ಗುಬ್ಬಿಯವರು, ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು. ಕ್ಲಾಸಿನವರೆಲ್ಲ ಅಕ್ಕ ಎಂದೇ ಕರೆಯುತ್ತಿದ್ದೆವು. ಮದುವೆಯಾದ ಮೇಲೆ ಬಂದ ವಿಷಮಜ್ವರ ಅವರ ಕಿವಿಯನ್ನು ತಿಂದುಹಾಕಿತ್ತು. ಕೂಗಿದರೆ ಓಗೊಡದ ಸೊಸೆ ಬೇಡವೆಂದು ಗಂಡನ ಮನೆಯವರು ಅಣ್ಣನ ಮನೆಗೆ ತಂದು ಬಿಟ್ಟುಹೋದರು. ಒಂದು ವರ್ಷ ಓದಿಸುತ್ತೇನೆ, ಆಮೇಲೆ ನಿನ್ನ ದಾರಿ ನೀನು ನೋಡಿಕೋ ಎಂದು ಅಣ್ಣ ಹೇಳಿದ್ದರಂತೆ. ಕಿವಿಯ ವಿಷಯ ಕಾಲೇಜಿನಲ್ಲಿ ನನ್ನೊಬ್ಬಳಿಗೇ ಗೊತ್ತಿತ್ತು.

"ನಂಗೊಂದು ಸ್ಕೂಲು ಸಿಕ್ಕುದ್ರೆ ಸಾಕು ಕಣೇ. ನನ್ ಅನ್ನ ನಾನೇ ಬೇಯಿಸ್ಕೊಂಡು ತಿಂತೀನಿ," ಎನ್ನುತ್ತಿದ್ದರು. "ನಮ್ಮತ್ತಿಗೆ ತಟ್ಟೆ ಕುಕ್ಕೋದು ನಂಗೆ ಕೇಳ್ಸಲ್ಲ. ಆದ್ರೆ ನೆಲ ಅದುರೋದು ಗೊತ್ತಾಗುತ್ತೆ."

ಬಿ.ಎಡ್. ಎಂದರೆ ಅರ್ಧ ಓದು, ಅರ್ಧ ನಾಟಕ. ಊರಿನ ಹೈಸ್ಕೂಲುಗಳಿಗೆ ಹೋಗಿ ನಿಜವಾದ ಮಕ್ಕಳ ಮುಂದೆ ಪಾಠ ಮಾಡಬೇಕು. ಕೊನೆಯ ಬೆಂಚಿನಲ್ಲಿ ನಮ್ಮ ಜೊತೆಯವರೇ ಕುಳಿತು ತಪ್ಪು ಬರೆದುಕೊಳ್ಳುತ್ತಾರೆ. ಬೋರ್ಡಿಗೆ ಬರೆಯಲು ತಿರುಗಿದರೆ ಮಕ್ಕಳ ಬಾಯಿ ಕಾಣುವುದಿಲ್ಲವಲ್ಲ, ಅದಕ್ಕೆ ಅಕ್ಕ ಬರೆಯಬೇಕಾದ್ದನ್ನೆಲ್ಲ ಹಿಂದಿನ ದಿನವೇ ರೋಲ್ ಬೋರ್ಡಿನ ಮೇಲೆ ಬರೆದಿಡುತ್ತಿದ್ದರು. ಕಪ್ಪು ಬಣ್ಣ ಬಳಿದ ಬಟ್ಟೆಯ ಬೋರ್ಡು ಅದು. ಚಾಪೆಯಂತೆ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಹೋಗುತ್ತಿದ್ದರು. ಪಾಠದುದ್ದಕ್ಕೂ ಮಕ್ಕಳಿಗೆ ಒಮ್ಮೆಯೂ ಬೆನ್ನು ತೋರಿಸುತ್ತಿರಲಿಲ್ಲ. ನಮ್ಮ ಲೆಕ್ಚರರು ಇದನ್ನು ಕಂಡು ಮೆಚ್ಚಿ, ತರಗತಿಯನ್ನು ಕಣ್ಣಲ್ಲೇ ಹಿಡಿದಿಡುವುದು ಹೇಗೆಂದು ಇವರನ್ನು ನೋಡಿ ಕಲಿಯಿರಿ ಎಂದು ನಮಗೆಲ್ಲ ಉಪದೇಶ ಮಾಡಿದರು. ಅವತ್ತು ರೂಮಿಗೆ ಬಂದು ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಆದರೆ ಲೆಕ್ಚರರು ಹೇಳಿದ್ದು ಸುಳ್ಳಾಗಿರಲಿಲ್ಲ. ಒಂದು ಸ್ಕೂಲಿನಲ್ಲಿ ತೊದಲುವ ಹುಡುಗಿಯೊಬ್ಬಳಿದ್ದಳು. ನಾವು ಯಾರೂ ಅವಳನ್ನು ಪ್ರಶ್ನೆ ಕೇಳುತ್ತಿರಲಿಲ್ಲ, ಪಾಠದ ಟೈಮು ಹಾಳಾಗುತ್ತದಲ್ಲ. ಅಕ್ಕ ಕೇಳಿದರು. ಅವಳು ಮೊದಲ ಅಕ್ಷರದಲ್ಲೇ ಸಿಕ್ಕಿಕೊಂಡು ಒದ್ದಾಡಿದಳು. ಅಕ್ಕ ಅವಳ ತುಟಿಯನ್ನೇ ನೋಡುತ್ತಾ ಸುಮ್ಮನೆ ನಿಂತರು. ಉತ್ತರ ಪೂರ್ತಿ ಬಂತು. ಕಿವಿ ನೆಟ್ಟಗಿದ್ದ ನಮಗೆ ಅಷ್ಟು ತಾಳ್ಮೆ ಇರಲಿಲ್ಲ.

ನಮ್ಮಿಬ್ಬರ ನಡುವೆ ಒಂದು ಏರ್ಪಾಡಿತ್ತು. ಅವರ ಪಾಠಕ್ಕೆಲ್ಲ ನಾನು ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದೆ. ಬಲಗಡೆ ಸಾಲಿನಿಂದ ಮಾತು ಬಂದರೆ ಪೆನ್ನು ಬಲಕ್ಕೆ, ಎಡಗಡೆಯಿಂದ ಬಂದರೆ ಎಡಕ್ಕೆ. ಬಾಗಿಲಲ್ಲಿ ಯಾರಾದರೂ ಮಾತಾಡಿಸಿದರೆ ಪುಸ್ತಕ ಮುಚ್ಚುತ್ತಿದ್ದೆ. ಒಂದು ವರ್ಷ ಹೀಗೇ ನಡೆಯಿತು. ಕೊನೆಯ ಪರೀಕ್ಷೆಯ ಪಾಠಕ್ಕೆ ಮಾತ್ರ ಜೊತೆಯವರನ್ನು ಒಳಗೆ ಬಿಡುವುದಿಲ್ಲ. ಹಿಂದಿನ ದಿನ ಅಕ್ಕ ನನಗೆ ಒಂದೇ ಮಾತು ಹೇಳಿಕೊಟ್ಟರು.

"ಯಾರಾದ್ರೂ ಕೇಳುದ್ರೆ ನೆಗಡಿ ಅಂತ ಹೇಳ್ಬುಡು. ನೆಗಡಿ ಬಂದು ಕಿವಿ ಕಟ್ಕೊಂಡೈತೆ ಅನ್ನು, ಸಾಕು."

ಮಾರನೆಯ ದಿನ ಅವರದು ಶಿಂಷಾ ನದಿಯ ಪಾಠ. ಮುಂದಿನ ಪಾಠ ನನ್ನದು. ನಾನು ಹೊರಗೆ ವರಾಂಡದಲ್ಲಿ ನಿಂತು ಕಿಟಕಿಯಿಂದ ನೋಡುತ್ತಿದ್ದೆ. ಅಕ್ಕ ನಕ್ಷೆ ತೂಗುಹಾಕಲು ಗೋಡೆಯ ಕಡೆ ತಿರುಗಿದ ಒಂದೇ ಗಳಿಗೆಯಲ್ಲಿ, ಹಿಂದೆ ಕುಳಿತಿದ್ದ ಪರೀಕ್ಷಕರು ಅದನ್ನು ಇನ್ನೂ ಮೇಲಕ್ಕೆ ಕಟ್ಟಿ ಎಂದರು. ಮತ್ತೆ ಹೇಳಿದರು. ಮೂರನೆಯ ಸಲ ಜೋರಾಗಿಯೇ ಹೇಳಿದರು. ಮಕ್ಕಳು ಗೊಳ್ಳೆಂದು ನಕ್ಕರು. ಅಕ್ಕ ತಿರುಗಿದರು, ನಗುವ ಮಕ್ಕಳನ್ನು ಕಂಡು ತಾವೂ ನಕ್ಕರು. ಅವರಿಗೆ ಪಾಪ, ಮಕ್ಕಳು ಖುಷಿಯಾಗಿದ್ದಾರೆಂದು ಅನಿಸಿರಬೇಕು.

ಗಂಟೆ ಹೊಡೆಯಿತು. ಪರೀಕ್ಷಕರು ಹೊರಗೆ ಬಂದು ನನ್ನ ಹತ್ತಿರ ನಿಂತರು. ವಯಸ್ಸಾದವರು, ಗದರುವ ಪೈಕಿಯಲ್ಲ. ಅವರ ಕೈಯಲ್ಲಿದ್ದ ಹಾಳೆಯಲ್ಲಿ ಅಕ್ಕನ ಹೆಸರಿನ ಕೆಳಗೆ ನನ್ನ ಹೆಸರಿತ್ತು.

"ನಿಮ್ಮ ಜೊತೆಯವರಿಗೆ ಕಿವಿ ಕೇಳಿಸುತ್ತೇನಮ್ಮಾ?"

ನೆಗಡಿ ಎಂಬ ಮೂರಕ್ಷರ ನನ್ನ ಬಾಯಲ್ಲಿತ್ತು. ಸುಳ್ಳು ಹೇಳಿ ಸಿಕ್ಕಿಬಿದ್ದರೆ ನನ್ನ ಗತಿ ಏನು ಎಂದು ಹೆದರಿದೆ. ಅಕ್ಕ ಒಳಗೆ ಕಿಟಕಿಯ ಹತ್ತಿರ ನಕ್ಷೆ ಸುತ್ತುತ್ತಿದ್ದರು. ನಾನು ಆದಷ್ಟೂ ಮೆಲ್ಲಗೆ ಹೇಳಿದೆ: "ಕೇಳ್ಸಲ್ಲ ಸಾರ್. ಬಾಯಿ ನೋಡಿ ತಿಳ್ಕೋತಾರೆ."

ಅವರು ತಲೆಯಾಡಿಸಿ ಏನೋ ಬರೆದುಕೊಂಡರು. ನನ್ನ ಪಾಠ ಚೆನ್ನಾಗಿಯೇ ಆಯಿತು.

ರಿಸಲ್ಟು ಬಂದಾಗ ಅಕ್ಕ ಪುಸ್ತಕದ ಪರೀಕ್ಷೆಗಳಲ್ಲೆಲ್ಲ ಪಾಸು, ಪಾಠದ ಪರೀಕ್ಷೆಯಲ್ಲಿ ಫೇಲು. ಇನ್ನೊಂದು ವರ್ಷ ಓದಿಸಲು ಅಣ್ಣ ಒಪ್ಪಲಿಲ್ಲ. ಪಾಸಾಗಿದ್ದರೂ ಕೆಲಸಕ್ಕೆ ಸೇರುವಾಗ ಡಾಕ್ಟರ ಸರ್ಟಿಫಿಕೇಟು ಕೇಳುತ್ತಿದ್ದರು, ಅಲ್ಲಿ ಹೇಗೂ ಸಿಕ್ಕಿಬೀಳುತ್ತಿದ್ದರು ಎಂದು ನಾನು ವರ್ಷಗಟ್ಟಲೆ ಸಮಾಧಾನ ಹೇಳಿಕೊಂಡೆ. ಅದು ಹಸಿ ಸುಳ್ಳು. ಏನೂ ಕೇಳದೆ ಸೇರಿಸಿಕೊಳ್ಳುವ ಖಾಸಗಿ ಸ್ಕೂಲುಗಳು ಆಗ ಬೇಕಾದಷ್ಟಿದ್ದವು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮಮ್ಮ ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು. ಬೇಕಾದ ಹೊತ್ತಿಗೆ ಅದು ನನ್ನ ನೆನಪಿಗೆ ಬರಲಿಲ್ಲ.

ನನಗೆ ಬೆಳ್ಳಾವಿಯಲ್ಲಿ ಕೆಲಸವಾಯಿತು. ಇನ್ಸ್‌ಪೆಕ್ಟರು ಬಂದಾಗಲೆಲ್ಲ, ಈ ಮೇಡಂ ಮಕ್ಕಳಿಗೆ ಬೆನ್ನು ತಿರುಗಿಸುವುದೇ ಇಲ್ಲ ಎಂದು ಹೊಗಳಿ ಬರೆದು ಹೋಗುತ್ತಿದ್ದರು. ಆ ಹೊಗಳಿಕೆಯ ಕೆಳಗೆ ನಾನು ಸಹಿ ಹಾಕುತ್ತಿದ್ದೆ. ಗುಬ್ಬಿ ಅಲ್ಲಿಂದ ದೂರವೇನಲ್ಲ. ಆದರೂ ಎಂಟೊಂಬತ್ತು ವರ್ಷ ಆ ಕಡೆ ತಲೆ ಹಾಕಲಿಲ್ಲ.

ಅಕ್ಕನಿಗೆ ಹುಷಾರಿಲ್ಲ, ಉಳಿಯುವ ಹಾಗಿಲ್ಲ ಎಂದು ಯಾರೋ ಹೇಳಿದ ಮೇಲೆ ಹೋದೆ. ಅಣ್ಣನ ಮನೆಯ ಹಿತ್ತಲಲ್ಲಿ ಸೌದೆ ನೆನೆಯದಂತೆ ರೋಲ್ ಬೋರ್ಡನ್ನು ಹೊದಿಸಿದ್ದರು. ಕಿವುಡಿಯ ಹತ್ತಿರ ಏನು ಮಾತಾಡ್ತೀರಿ ಎಂದು ಅತ್ತಿಗೆ ಗೊಣಗುತ್ತಲೇ ಒಳಗೆ ಬಿಟ್ಟರು. ಅಕ್ಕ ಗೋಡೆಯ ಪಕ್ಕದ ಮಂಚದ ಮೇಲೆ ಕಡ್ಡಿಯಾಗಿ ಮಲಗಿದ್ದರು. ನನ್ನ ಮುಖಕ್ಕೆ ಬೆಳಕು ಬೀಳುವ ಹಾಗೆ ಕೂತೆ.

"ಪಾಠ ಮಾಡುವಾಗ ಮಕ್ಕಳಿಗೆ ಬೆನ್ ಹಾಕ್ತೀಯೇನೇ?" ಎಂದು ಕೇಳಿದರು. ಇಲ್ಲ ಅಕ್ಕ ಎಂದೆ. ಒಳ್ಳೇದು ಎಂದರು. ವರಾಂಡದ ಆ ದಿನದ ವಿಷಯ ಹೇಗೆ ಶುರುಮಾಡುವುದೋ ತಿಳಿಯದೆ ತಡವರಿಸುತ್ತಿದ್ದೆ. ಅಕ್ಕ ನನ್ನ ತುಟಿಯನ್ನೇ ನೋಡುತ್ತಿದ್ದರು.

"ಅವತ್ತು ಆ ಸಾರ್ ಹತ್ರ ನೀನು ಬಲು ಮೆಲ್ಲಗೆ ಮಾತಾಡ್ದೆ ಅಲ್ವಾ," ಎಂದರು. "ಕಿಟಕೀಲಿ ನಿನ್ ಬಾಯಿ ಕಾಣ್ತಿತ್ತು. ನಂಗೆ ಮೆಲ್ಲಗೆ ಆದ್ರೂ ಒಂದೇ, ಜೋರಾದ್ರೂ ಒಂದೇ ಕಣೇ."

ನಾನು ಬಾಯಿ ತೆರೆದೆ. ಅಕ್ಕ ಗೋಡೆಯ ಕಡೆ ಮಗ್ಗುಲಾದರು. ನಾನು ಹೇಳಬೇಕೆಂದಿದ್ದನ್ನೆಲ್ಲ ಆ ಬೆನ್ನಿಗೇ ಹೇಳಿ, ಸಾಯಂಕಾಲದ ಬಸ್ಸಿಗೆ ಎದ್ದು ಬಂದೆ. ಅದೇ ತಿಂಗಳು ಅವರು ತೀರಿಕೊಂಡರು.